ಬಾಗಿಲಲ್ಲಿ ನಿಂತ ಹಾಡು

ಆ ದಿನವೂ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆದು, ಹಾಲಿನ ಪ್ಯಾಕೆಟ್ಟು ಒಳಗೆ ತಂದೆ. ಅದು ಹತ್ತಿಯ ಕಾಲ. ತೆಲುಗು ನಾಡಿನ ಗಡಿಯ ನಮ್ಮ ಆದವಾನಿಯ ಮಾರ್ಕೆಟ್ಟಿಗೆ ಹೋಗುವ ಲಾರಿಗಳಿಂದ ಉದುರಿದ ಅರಳೆ ನಮ್ಮ ಬೀದಿಯ ಮೋರಿಯಂಚಿಗೆ ಸಾಲಾಗಿ ಕೂತಿರುತ್ತದೆ. ನೀರು ಬಿದ್ದರೆ ಬೂದುಬಣ್ಣಕ್ಕೆ ತಿರುಗಿ ಕುಗ್ಗುತ್ತದೆ. ಬೀಳದಿದ್ದರೆ ಯಾರೋ ಊದಿದ ಹಾಗೆ ಎದ್ದು ಹೊಸಿಲವರೆಗೆ ಬರುತ್ತದೆ. ಅದನ್ನು ಪೊರಕೆಯಿಂದ ಹಿಂದಕ್ಕೆ ತಳ್ಳುವುದೂ ನನ್ನ ಬೆಳಗಿನ ಕೆಲಸಗಳಲ್ಲೊಂದು.

ಆಮೇಲೆ ಅತ್ತೆಯ ಕೆಲಸ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮುಖ ಒರೆಸಿ, ತಲೆ ಬಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಜೋಳದ ಗಂಜಿ ಕುಡಿಸಬೇಕು. ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮುಷ್ಟಿ ಕಟ್ಟಿ, ಹಾಸಿಗೆಯ ಮೇಲೆ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸುತ್ತುತ್ತಿತ್ತು. ಆ ಜಾಗದಲ್ಲಿ ದುಪ್ಪಟಿ ಸವೆದು ಊಟದ ತಟ್ಟೆಯಗಲದ ಒಂದು ಉಂಗುರ ಬಿದ್ದಿತ್ತು. ನಾನು ಮೂರು ದುಪ್ಪಟಿ ಬದಲಾಯಿಸಿದ್ದೆ. ಮೂರರಲ್ಲೂ ಅದೇ ಉಂಗುರ.

ಅತ್ತೆಯ ಮಂಚದಿಂದ ನೋಡಿದರೆ ಅಡುಗೆಮನೆಯ ಮೂಲೆ ಕಾಣುತ್ತದೆ. ಅಲ್ಲಿ ಬೀಸುವ ಕಲ್ಲಿದೆ. ಗೋಣಿಚೀಲ ಮುಚ್ಚಿ, ಮೇಲೆ ಉಳ್ಳಾಗಡ್ಡಿ ಬುಟ್ಟಿ ಇಟ್ಟಿದ್ದೆ. ಅದನ್ನು ಮುಟ್ಟಲು ನನಗೆ ಮನಸ್ಸಿರಲಿಲ್ಲ. ಯಾಕೆಂದು ಹೇಳಬೇಕು.

ನಾನು ಇದೇ ಊರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಮೇಜಿನ ಮೇಲೆ ಕೈ ಕಟ್ಟಿ ಕೂರುವುದು ಬಂತು, ಸಾಲಾಗಿ ನಡೆಯುವುದು ಬಂತು, ಬೀಸುವ ಹಾಡು ಬರಲಿಲ್ಲ. ಅತ್ತೆ ದೇವನಕೊಂಡದ ಕಡೆಯ ಹಳ್ಳಿಯವರು, ಕುರಿ ಹಿಂಡಿನ ಮನೆತನ. ಮಿಕ್ಸರ್, ಗಿರಣಿ ಎಲ್ಲ ಇದ್ದರೂ ವಾರಕ್ಕೊಮ್ಮೆ ಒಂದು ಸೇರು ಜೋಳ ಕಲ್ಲಿಗೆ ಹಾಕುತ್ತಿದ್ದರು. ಎದುರಿಗೆ ಕೂತು ಗೂಟ ಹಿಡಿಯಲು ನನ್ನನ್ನು ಕರೆಯುತ್ತಿದ್ದರು. "ಬಾ ಕಾನ್ವೆಂಟಮ್ಮ, ನಿನ್ನ ಇಂಗ್ಲೀಷ್ ಕೈ ಒಂಚೂರು ಈ ಕಲ್ಲಿಗೂ ತಾಗಲಿ." ಹಾಡು ಅವರದು, ತೋಳು ನನ್ನದು.

ಆ ಹಾಡಿನಲ್ಲಿ ಒಬ್ಬ ಸೊಸೆ ಬೀಸುತ್ತ ಬೀಸುತ್ತ ಮನಸ್ಸಿನಲ್ಲೇ ತವರಿಗೆ ಹೊರಡುತ್ತಾಳೆ.

ಕಾಳ ಹಾಕೇನಿ ಕಲ್ಲವ್ವ, ನೀ ತಿರುಗ
ಊರ ಹಾದೀಗಿ ಹೊರಟೇನಿ, ನಾ ಬರೂತನ
ಮನಿಯ ಬಾಗಿಲ ಕಾಯವ್ವ

ಹೀಗೆ ಶುರು. ಹಳ್ಳ ದಾಟುತ್ತಾಳೆ, ಹೊಲ ದಾಟುತ್ತಾಳೆ, ತವರಿನ ಬಾಗಿಲು ಬಡಿಯುತ್ತಾಳೆ, ಒಳಗೆ ಹೋಗಿ ಎಲ್ಲರನ್ನೂ ಮಾತಾಡಿಸುತ್ತಾಳೆ. ಜೋಳ ಮುಗಿಯುವ ಹೊತ್ತಿಗೆ ಬಂದ ದಾರಿಯಲ್ಲೇ ತಿರುಗಿ ಕಲ್ಲಿನ ಹತ್ತಿರ ಬರುತ್ತಾಳೆ. ಕೊನೆಯ ಒಂದು ಹಿಡಿ ಕಾಳನ್ನು ಬೀಸದೆ ಕಲ್ಲಿನ ಬಾಯಲ್ಲಿ ಬಿಟ್ಟು, ಕೈಮುಗಿದು ಏಳಬೇಕು. ಅತ್ತೆಯ ಕಟ್ಟುನಿಟ್ಟು ಎರಡೇ. ಕಾಳಿಲ್ಲದ ಕಲ್ಲು ತಿರುಗಿಸಬಾರದು. ಹಾಡಿನಲ್ಲಿ ಹೋದವಳನ್ನು ಕರೆತರದೆ ಹಾಡು ಬಿಡಬಾರದು.

"ಬಿಟ್ರ ಏನಾಗ್ತೈತಿ ಅತ್ತಿ?" ಎಂದು ಹೊಸದರಲ್ಲಿ ನಗುತ್ತ ಕೇಳಿದ್ದೆ.

"ಏನಾಗ್ತೈತಿ? ಆಕಿ ಅಲ್ಲೇ ನಿಂತಿರ್ತಾಳ. ಹಾಡಿದಾಕಿನೂ ಆಕಿ ಜೋಡಿ ನಿಂತಿರ್ತಾಳ."

ಎರಡು ವರ್ಷದ ಹಿಂದೆ ನಮ್ಮ ಮಗಳ ಮದುವೆಯಲ್ಲಿ ಅರಿಶಿಣ ಬೀಸುವ ಶಾಸ್ತ್ರ. ಐದು ಜನ ಮುತ್ತೈದೆಯರು ಗೂಟ ಹಿಡಿದಿದ್ದೆವು. ಅತ್ತೆ ಗಂಡನಿಲ್ಲದವರು, ಮದುವೆಯ ಕಲ್ಲು ಮುಟ್ಟುವ ಹಾಗಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕೂತು, "ಕೈ ಹಚ್ಚಾಕ ಬ್ಯಾಡ ಅಂತೀರಿ, ಬಾಯಿ ಮುಚ್ಚಾಕ ಯಾರೂ ಹೇಳಿಲ್ಲಲ" ಎಂದು ಹಾಡು ಎತ್ತಿದರು. ಅರಿಶಿಣ ಕೊಂಬು ಸ್ವಲ್ಪವೇ ಇತ್ತು, ಬೇಗ ಮುಗಿಯಿತು. ಹಾಡು ಇನ್ನೂ ತವರಿನ ಬಾಗಿಲಿಗಷ್ಟೇ ಮುಟ್ಟಿತ್ತು.

ಆಗ ಫೋಟೋಗ್ರಾಫರ್ ಹೇಳಿದ, "ಆಂಟಿ, ಇನ್ನೊಂದ್ಸಲ ಸುಮ್ನ ತಿರುಗಿಸ್ರಿ, ಸ್ಲೋ ಮೋಷನ್ ತಗೋತೀನಿ. ಆ ಅಜ್ಜಿಗೆ ಒಂಚೂರು ನಿಲ್ಲಿಸಾಕ ಹೇಳ್ರಿ, ಪಾಟ ವೆನಕಾಲ, ಹಾಡು ಹಿಂದ ನಾವು ಹಾಕ್ತೀವಿ."

ನಾನು ಅತ್ತೆಯ ಕಡೆಗೆ ಅಂಗೈ ಎತ್ತಿ, "ಒಂದು ನಿಮಿಷ ಅತ್ತಿ" ಎಂದೆ.

ಅವರು ನಿಲ್ಲಿಸಿದರು. ನಾವು ಐವರೂ ನಗುತ್ತ ಬರೀ ಕಲ್ಲನ್ನು ತಿರುಗಿಸಿದೆವು. ಕಾಳಿಲ್ಲದ ಕಲ್ಲಿನ ಸದ್ದು ಬೇರೆ. ಹಲ್ಲು ಕಡಿದ ಹಾಗೆ. ಆಮೇಲೆ ಊಟಕ್ಕೆ ಕರೆದರು, ನೆಂಟರು ಬಂದರು, ಆ ಒಂದು ನಿಮಿಷ ಮುಗಿಯಲೇ ಇಲ್ಲ. ಮದುವೆಯಾದ ನಾಲ್ಕನೆಯ ದಿನ ಅತ್ತೆ ಬಚ್ಚಲಲ್ಲಿ ಬಿದ್ದರು.

"ಬಿ.ಪಿ. ಗುಳಿಗಿ ನಾಕು ದಿನ ತಪ್ಪಿಸಿದ್ಲು. ಅದಕ್ಕ ಹಂಗಾತು. ಹಾಡಿಗೂ ಅದಕ್ಕೂ ಏನೈತಿ ಸಂಬಂಧ?" ಎನ್ನುತ್ತಾರೆ ನನ್ನ ಗಂಡ. ಸರಿಯೇ. ನಾನೂ ಸೈನ್ಸ್ ಓದಿದವಳು. ಆದರೂ ಆ ಕೈ ಸುತ್ತುವುದನ್ನು ಎರಡು ವರ್ಷ ದಿನಾ ನೋಡಿದವಳು ನಾನು. ಆ ಹಾಡಿನ ಕೊನೆ ನನಗೆ ಗೊತ್ತಿದ್ದರೆ, ಅತ್ತೆಯ ಕಿವಿಯ ಹತ್ತಿರ ಕೂತು ನಾನೇ ಹಾಡಿ ಮುಗಿಸುತ್ತಿದ್ದೆ. ಅಷ್ಟು ವರ್ಷ ಎದುರಿಗೆ ಕೂತಿದ್ದರೂ ಆ ಸಾಲುಗಳು ನನಗೆ ಬಾಯಿಗೆ ಬಂದಿರಲಿಲ್ಲ. ಜೋಳ ಮುಗಿಯುವ ಹೊತ್ತಿಗೆ ನನ್ನ ಮನಸ್ಸು ಯಾವಾಗಲೂ ಒಲೆಯ ಮೇಲಿನ ಸಾರಿಗೆ ಹೋಗಿರುತ್ತಿತ್ತು.

ಆ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಬಳ್ಳಾರಿಯಿಂದ ಮಗಳು ಒಂದು ರೀಲ್ಸ್ ಕಳಿಸಿದಳು. ಗಿಟಾರ್ ಹಿಡಿದ ಒಬ್ಬ ಹುಡುಗಿ, ಮೂವತ್ತರ ಒಳಗಿನವಳು, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಕಾಳ ಹಾಕೇನಿ ಕಲ್ಲವ್ವ, ನೀ ತಿರುಗ. ಅರ್ಧ ನಿಮಿಷವೂ ಇರಲಿಲ್ಲ. ಕೆಳಗೆ ಮಗಳ ಸಾಲು: "ಅಮ್ಮಾ, ಇದು ಅಜ್ಜಿ ಹಾಡಲ್ವಾ? ಇವತ್ತು ನಾಲ್ಕಕ್ಕೆ ನಿಮ್ಮೂರಲ್ಲೇ ಕಾರ್ಯಕ್ರಮ."

ತಲೆ ಎತ್ತಿದೆ. ಅತ್ತೆಯ ಎಡಗೈ ನಿಂತಿತ್ತು. ರೀಲ್ಸ್ ತಾನೇ ಮತ್ತೆ ಶುರುವಾಯಿತು. ನಾನು ಗಾಬರಿಯಿಂದ ಆಫ್ ಮಾಡಿದೆ. ಕೈ ಮತ್ತೆ ಸುತ್ತತೊಡಗಿತು.

"ಹೋಗಿ ಬಾ," ಎಂದರು ಗಂಡ, ಟಿಫಿನ್ ಡಬ್ಬಿ ಬ್ಯಾಗಿಗೆ ಹಾಕಿಕೊಳ್ಳುತ್ತ. "ತರಕಾರಿ ಅಂಗಡಿ ಬಿಟ್ರ ನೀ ಎಲ್ಲಿಗೂ ಹೋಗದ ಎರಡು ವರ್ಷಾತು."

ಅತ್ತೆಯ ಹತ್ತಿರ ಕೂರಲು ಪಕ್ಕದ ಮನೆಯಾಕೆಯನ್ನು ಕೇಳಿದೆ. ಅವರು ಬಂದು ಎರಡು ತಿಂಗಳಾಗಿತ್ತಷ್ಟೆ. ನಂದ್ಯಾಲದ ಕಡೆಯವರು, ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಮನೆಮಾತು ತೆಲುಗು, ನನ್ನನ್ನು ಅತ್ತಿಗೆ ಎನ್ನಲು ವದಿನಾ ಎನ್ನುತ್ತಾರೆ, ನಮ್ಮ ಕನ್ನಡವನ್ನು ಸಂತೆಯಲ್ಲಿ ಕಲಿತಷ್ಟೇ ಆಡುತ್ತಾರೆ. ನಾನು ಸಂಜೆ ತರಕಾರಿಗೆ ಹೋದಾಗಲೂ ಅವರೇ ಬಂದು ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದರು.

"ಪರವಾಲೇದು ವದಿನಾ, ಮೀರು ಹೋಗಿ ಬರ್ರಿ. ಅವ್ವ ಏನು ತ್ರಾಸು ಕೊಡ್ತಾರ? ಬಂಗಾರದಂಥ ಮನುಷಿ."

ಕಾರ್ಯಕ್ರಮ ಸ್ಟೇಷನ್ನಿನ ಆಚೆ ಒಂದು ಹಳೆಯ ಪ್ರೆಸ್ಸಿಂಗ್ ಮಿಲ್ಲಿನ ಗೋಡೌನಿನಲ್ಲಿ. ಹತ್ತಿ ಒತ್ತುವ ಕೆಲಸ ನಿಂತು ವರ್ಷಗಳಾಗಿದ್ದವು. ಶೇರ್ ಆಟೋ ಇಳಿದು ಒಳಗೆ ಹೋದರೆ ಹಗಲಲ್ಲೂ ಮಬ್ಬು. ಮಿಷಿನ್ನುಗಳನ್ನು ಕಿತ್ತ ಜಾಗದಲ್ಲಿ ಬೋಲ್ಟುಗಳು ನೆಲದಿಂದ ಎದ್ದು ನಿಂತಿದ್ದವು. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಗಳು. ತೊಲೆಗಳ ಮೇಲೆ ಹಳೆಯ ಅರಳೆ ಕೂತಿತ್ತು. ಸ್ಟೇಜಿನ ದೀಪ ಹೊತ್ತಿಸಿ ಬಿಸಿಯಾದಂತೆ ಅದು ಒಂದೊಂದೇ ಎಳೆಯಾಗಿ ಇಳಿಯತೊಡಗಿತು. ಬೆಳಕಿನಲ್ಲಿ ಮಾತ್ರ ಕಾಣುತ್ತಿತ್ತು, ಕತ್ತಲಿಗೆ ಬಂದರೆ ಇಲ್ಲ. ಆದರೆ ಮುಖಕ್ಕೆ ತಾಗುತ್ತಿತ್ತು.

ಇದ್ದವರು ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ಕಾಲೇಜಿನ ಮಕ್ಕಳು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ, ಹಣೆಯ ತುಂಬ ಹಚ್ಚೆ, ಮಡಿಲಲ್ಲಿ ಎಲೆ ಅಡಿಕೆ ಚೀಲ.

"ನೀವೂ ಹಾಡು ಕೇಳಾಕ ಬಂದ್ರೇನವ್ವ?" ಎಂದೆ.

"ಹಾಡು ಯಾರಿಗೆ ಬೇಕ? ಕೌತಾಳದಿಂದ ಹತ್ತಿ ತಂದೀವಿ, ಮಾರ್ಕೆಟ್ಟಿನ್ಯಾಗ ನಮ್ಮ ಪಾಳಿ ಬರಾಕ ಇನ್ನ ಹೊತ್ತೈತಿ. ಇಲ್ಲಿ ಕುರ್ಚಿ ಪುಗಸಟ್ಟೆ ಅಂದ್ರು, ಕುಂತೀನಿ."

ಆ ಹುಡುಗಿ ಸ್ಟೇಜಿಗೆ ಬಂದಳು. ಕಾಟನ್ ಸೀರೆ, ಬರಿಗಾಲು, ಹೆಗಲಿಗೆ ಗಿಟಾರ್. ಎದುರಿಗೆ ಒಂದು ಚಿಕ್ಕ ಬೀಸುವ ಕಲ್ಲು, ಅದರ ಪಕ್ಕ ಮೈಕು, ಕಾಲ ಹತ್ತಿರ ಗುಂಡಿಗಳಿರುವ ಒಂದು ಪೆಟ್ಟಿಗೆ. ಮೊದಲು ಎರಡು ಮೂರು ಹಾಡು ಹಾಡಿದಳು. ಸ್ವಂತ ಕಟ್ಟಿದವಂತೆ. ಚೆನ್ನಾಗಿದ್ದವು. ಅಜ್ಜಿ ನಿದ್ದೆ ಹೋದರು.

ಆಮೇಲೆ ಅವಳು ಕಲ್ಲಿನ ಮುಂದೆ ಕೂತು ಗೂಟ ಹಿಡಿದು ತಿರುಗಿಸಿದಳು. ಕಾಳಿರಲಿಲ್ಲ. ಅದೇ ಹಲ್ಲು ಕಡಿಯುವ ಸದ್ದು, ಸ್ಪೀಕರಿನಲ್ಲಿ ಹತ್ತು ಪಟ್ಟಾಗಿ. ಒಂದು, ಎರಡು, ಮೂರು ಸುತ್ತು. ಕಾಲಿನಿಂದ ಗುಂಡಿ ಒತ್ತಿ, ಕೈ ತೆಗೆದಳು.

ಸದ್ದು ನಿಲ್ಲಲಿಲ್ಲ.

ಅದು ಆ ಪೆಟ್ಟಿಗೆಯ ಕೆಲಸ, ಮೂರು ಸುತ್ತು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತದೆ. ನನಗೆ ಅರ್ಥವಾಯಿತು. ಆದರೂ ಕಲ್ಲು ಸುಮ್ಮನೆ ಕೂತಿದೆ, ಕೈಗಳು ಮಡಿಲಲ್ಲಿವೆ, ಬೀಸುವ ಸದ್ದು ಮಾತ್ರ ಗೋಡೌನಿನ ತುಂಬ ತಿರುಗುತ್ತಿದೆ. ಅದರ ವೇಗ ನನಗೆ ಗೊತ್ತಿತ್ತು. ದಿನಾ ಗಂಜಿಯ ಬಟ್ಟಲು ಹಿಡಿದು ನೋಡುವ ವೇಗ. ಪಕ್ಕದ ಅಜ್ಜಿ ಕಣ್ಣು ತೆರೆದರು.

ಹುಡುಗಿ ಹಾಡಲು ಬಾಯಿ ತೆರೆಯುವಾಗ ಹೊರಗೆ ರೈಲು ಕೂಗಿತು. ಉದ್ದನೆಯ ಕೂಗು. ಅವಳು ನಕ್ಕು, ಅದು ಹೋಗಲಿ ಎಂದು ಕಾದಳು. ಆಮೇಲೆ ಎತ್ತಿದಳು.

ಅತ್ತೆಯ ಹಾಡೇ. ಅದೇ ಹಳ್ಳ, ಅದೇ ಹೊಲ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಇನ್ನೇನು ಕೊನೆ ಬರುತ್ತದೆ, ಒಂದು ಅಕ್ಷರ ಬಿಡಬಾರದು ಎಂದು ಪರ್ಸಿನಿಂದ ಕಿರಾಣಿ ಚೀಟಿ, ಪೆನ್ನು ತೆಗೆದು ಹಿಡಿದಿದ್ದೆ.

ಹಳ್ಳ ದಾಟೇನಿ, ಹೊಲಗಳ ದಾಟೇನಿ
ತವರ ಬಾಗಿಲಕ ಬಂದೇನಿ, ಒಳಗಿರುವ
ಯಾರವ್ವ, ಅಗಳಿ ತೆಗೆಯವ್ವ

ಅಲ್ಲಿ ನಿಲ್ಲಿಸಿದಳು. ನಾನು ಅಂಗೈ ಎತ್ತಿ ನಿಲ್ಲಿಸಿದ್ದ ಅದೇ ಜಾಗ. ಮತ್ತೆ ಗುಂಡಿ ಒತ್ತಿದಳು. ಈಗ ಅವಳ ದನಿಯೂ ಬೀಸುವ ಸದ್ದಿನ ಜೊತೆ ಸುತ್ತತೊಡಗಿತು. ಅಗಳಿ ತೆಗೆಯವ್ವ. ಅಗಳಿ ತೆಗೆಯವ್ವ. ಅವಳ ತುಟಿ ಮುಚ್ಚಿತ್ತು.

ಹಿಂದೆ ಗೋಡೌನಿನ ಕಬ್ಬಿಣದ ಬಾಗಿಲು ದಡದಡ ಬಡಿಯಿತು. ಎಲ್ಲರೂ ತಿರುಗಿದೆವು. ವಾಚ್‌ಮನ್ ಹೋಗಿ ಚಿಲಕ ತೆಗೆದ. ಹೊರಗೆ ಇಳಿಬಿಸಿಲು, ಖಾಲಿ ಅಂಗಳ, ನೆಲದ ಮೇಲೆ ಅರಳೆ. ಯಾರೂ ಇರಲಿಲ್ಲ. "ಗಾಲಿ, ಗಾಲಿ" ಎಂದ ಅವನು ತೆಲುಗಿನಲ್ಲಿ, ಬರೀ ಗಾಳಿ ಎಂದು. ಆದರೆ ಅಂಗಳದ ಅರಳೆ ಅಲ್ಲಾಡುತ್ತಿರಲಿಲ್ಲ. ನನ್ನ ತುಟಿಗಳು ತಾವಾಗಿಯೇ ಕಾನ್ವೆಂಟಿನಲ್ಲಿ ಕಲಿಸಿದ ಪ್ರಾರ್ಥನೆ ಶುರು ಮಾಡಿದ್ದವು.

ಪಕ್ಕದ ಅಜ್ಜಿ ಎದ್ದು ನಿಂತರು. "ಏ ತಂಗೀ! ಬರೇ ಕಲ್ಲು ತಿರುಗಸಬ್ಯಾಡ. ನಿಲ್ಲಸು ಅದನ್ನ!"

ಹುಡುಗಿ ಬೆದರಿ ನಕ್ಕಳು. "ಅಜ್ಜಿ, ಕಲ್ಲು ತಿರುಗ್ತಿಲ್ಲ. ಇದು ಮಷೀನು."

"ಮಷೀನೋ ಗಿಷೀನೋ! ಕೇಳೋ ಕಿವಿಗೆ ಅದೆಲ್ಲ ಏನು ಗೊತ್ತು? ಬಾಗಿಲದಾಗ ಒಬ್ಬಾಕಿನ್ನ ನಿಲ್ಲಿಸಿ ಕುಂತಿಯಲ್ಲ, ಒಳಗರ ಕರಿ, ಹಿಂದಕ್ಕರ ಕಳಸು!"

ಹುಡುಗರು ಚಪ್ಪಾಳೆ ತಟ್ಟಿದರು, ಇದೂ ಕಾರ್ಯಕ್ರಮದ ಭಾಗ ಅಂದುಕೊಂಡಿರಬೇಕು. ಅವಳು ಗುಂಡಿ ಒತ್ತಿದಳು. ಸದ್ದು ನಿಂತಿತು. ಮೈಕಿನ ಹತ್ತಿರ ಬಾಗಿ, "ಈ ಹಾಡಿನ ಕೊನೆ ನನಗೆ ಸಿಕ್ಕಿಲ್ಲ. ಇಲ್ಲಿ ಯಾರಿಗಾದರೂ ಬರುತ್ತಾ?" ಎಂದಳು. ಹುಡುಗರು ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ "ನಮ್ಮ ಕಡಿ ಹಾಡು ಬ್ಯಾರೆ," ಎಂದು ಗೊಣಗಿ, ಮಡಿಲ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನನ್ನ ಕೈಯ ಚೀಟಿಯಲ್ಲಿ ತೊಗರಿಬೇಳೆ, ಸಾಬೂನು ಅಷ್ಟೇ ಇತ್ತು.

ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹತ್ತಿರ ಹೋದೆ. ಅವಳು ವೈರು ಸುತ್ತುತ್ತಿದ್ದಳು. ಹತ್ತಿರದಿಂದ ನೋಡಿದರೆ ತೀರ ಚಿಕ್ಕವಳು, ಮೊಣಕೈಗೆ ಗಾಯದ ಪಟ್ಟಿ.

"ಆ ಹಾಡು ನಿಮಗೆಲ್ಲಿ ಸಿಕ್ತು?"

"ದೇವನಕೊಂಡದ ಹತ್ತಿರ ಒಂದು ಹಳ್ಳಿ ಅಕ್ಕ. ಒಬ್ಬರು ಅಜ್ಜಿ ಹೇಳಿಕೊಟ್ರು. ಈಗಿಲ್ಲ ಅವರು." ಅವಳು ಹೇಳಿದ ಊರು ಅತ್ತೆಯ ತವರು. "ಅವರಿಗೂ ಬಾಗಿಲತನಕ ಅಷ್ಟೇ ಬರ್ತಿತ್ತು. ಹಾಡಿನಲ್ಲಿ ಹೋಗೋ ನುಡಿ ತಾವು ಹೇಳ್ತಿದ್ರಂತೆ, ಬರೋ ನುಡಿ ಅವರ ಗೆಳತಿ. ಇಬ್ಬರೂ ಒಂದೇ ಕಲ್ಲಿಗೆ ಕೂತವರಂತೆ. ಆ ಗೆಳತೀನ ಆದವಾನಿಗೆ ಕೊಟ್ರು ಅಂದ್ರು. ಅದಕ್ಕೇ ಇಲ್ಲಿ ಕಾರ್ಯಕ್ರಮ ಇಟ್ಟಿದ್ದು. ಯಾರಾದರೂ ಬರಬಹುದು ಅಂತ."

"ಆ ಗೆಳತಿ ನಮ್ಮ ಅತ್ತೆ," ಎಂದೆ.

ವೈರು ಸುತ್ತುವ ಕೈ ನಿಂತಿತು.

"ಇದಾರಾ?"

"ಇದಾರೆ. ಮಾತು ಹೋಗಿದೆ. ಎರಡು ವರ್ಷ ಆಯ್ತು."

ಅವಳು ನನ್ನ ಭುಜದ ಮೇಲಿದ್ದ ಒಂದೆಳೆ ಅರಳೆಯನ್ನು ತೆಗೆದು, ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಬೆರಳಲ್ಲೇ ಹಿಡಿದುಕೊಂಡು ನಿಂತಳು.

ಆಟೋದಲ್ಲಿ ಕೂತಾಗ ಒಂದೇ ಯೋಚನೆ. ಆ ಹಾಡಿನ ಕೊನೆ ಗೊತ್ತಿರುವ ಒಂದೇ ಒಂದು ಜೀವ ನನ್ನ ಮನೆಯಲ್ಲಿದೆ, ಅದರ ಬಾಯಿ ಮುಚ್ಚಿಸಿದ್ದು ನನ್ನ ಅಂಗೈ. ಇನ್ನು ಅದನ್ನು ತೆರೆಯುವವರು ಯಾರೂ ಇಲ್ಲ. ಆಟೋದ ಇಂಜಿನ್ನಿನ ಸದ್ದಿನಲ್ಲೂ ಆ ಮೂರು ಸುತ್ತು ಕೇಳುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಚಪ್ಪಲಿ ಬಿಡುವಾಗಲೇ ಏನೋ ಬೇರೆ ಅನಿಸಿತು. ಉಳ್ಳಾಗಡ್ಡಿ ಬುಟ್ಟಿ ನೆಲದ ಮೇಲಿತ್ತು. ಗೋಣಿಚೀಲ ನಾಲ್ಕು ಮಡಿಕೆಯಾಗಿ ಗೋಡೆಗೆ ಒರಗಿತ್ತು. ಬೀಸುವ ಕಲ್ಲಿನ ಸುತ್ತ ಹೊಸ ಹಿಟ್ಟು, ತೆಳ್ಳಗೆ, ರಂಗೋಲಿಯ ಹಾಗೆ. ಕಲ್ಲಿನ ಬಾಯಲ್ಲಿ ಒಂದು ಹಿಡಿ ಜೋಳ, ಬೀಸದೆ ಬಿಟ್ಟದ್ದು.

ಓಡಿ ಅತ್ತೆಯ ಹತ್ತಿರ ಹೋದೆ. ಮಲಗಿದ್ದರು. ಎದೆ ಏರಿ ಇಳಿಯುತ್ತಿತ್ತು, ನಿಧಾನವಾಗಿ, ಸುಖವಾಗಿ. ಎಡಗೈ ದುಪ್ಪಟಿಯ ಮೇಲೆ ಅಂಗಾತ ಬಿದ್ದಿತ್ತು. ಮುಷ್ಟಿ ಬಿಚ್ಚಿತ್ತು. ಅಲ್ಲಾಡುತ್ತಿರಲಿಲ್ಲ. ಅಂಗೈಯ ಗೆರೆಗಳಲ್ಲಿ ಹಿಟ್ಟು ಕೂತಿತ್ತು.

"ಅಕ್ಕಾ, ಈ ಕಲ್ಲು ಯಾರು ತೆಗೆದ್ರಿ?" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಪಕ್ಕದ ಮನೆಯಾಕೆ ಸೆರಗಿಗೆ ಕೈ ಒರೆಸುತ್ತ ಹೊರಡಲು ಎದ್ದಿದ್ದರು. "ನಾನೇ ವದಿನಾ. ರೈಲು ಕೂಗಿ ಹೋತಲ್ಲ, ಅಪ್ಪುಡು ಅವ್ವ ಎದ್ದು ಕುಂತು ಕಲ್ಲಿನ ಕಡೆ ಕೈ ಮಾಡಿ ತೋರಿಸಿದ್ರು. ಎತ್ತಿ ಕೂಡಿಸಿದೆ. ಜೊನ್ನಲು, ಅದೇ ಜೋಳ, ಹಾಕಿದೆ. ಎದುರು ಕುಂತು ನಾನೂ ಗೂಟ ಹಿಡಿದೆ. ಮಾ ಊರಲ್ಲೂ ಇದೇ ಕಲ್ಲು ಅಲ್ವಾ. ತಪ್ಪಾಯ್ತೇನು?"

"ಇಲ್ಲ. ತಪ್ಪಲ್ಲ. ಸುಮ್ಮನೆ ಬೀಸಿದ್ರಾ?"

"ಸುಮ್ಮನೆ ಯಾರು ಬೀಸ್ತಾರ? ಹಾಡಿದ್ರು."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮದುವೆಯ ದಿನ ಅತ್ತೆ ಒರಗಿ ಕೂತಿದ್ದ ಅದೇ ಜಾಗ. "ಏನು ಹಾಡಿದ್ರು? ಒಂದಾದರೂ ಸಾಲು ನೆನಪೈತೇನು ಅಕ್ಕಾ? ಕೊನೇದು?"

"ಅಯ್ಯೋ, ಮೀ ಕನ್ನಡ ಪಾಟ ನಂಗ ಎಲ್ಲಿ ತಿಳೀತೈತಿ ವದಿನಾ," ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು. "ನಿಮ್ಮತ್ತಿ ಮಾತು ಕಮ್ಮಿ, ಹಾಡೇ ಜಾಸ್ತಿ. ದಿನಾ ಮೀರು ತರಕಾರಿಗೆ ಹೋದಾಗ ಅರ್ಧ ಹಾಡಿ ನಿಲ್ಲಿಸ್ತಿದ್ರು, ಇವತ್ತೇ ಪೂರ್ತಿ ಮಾಡಿದ್ದು. ಸರೇ, ಹಾಲು ಕಾಸಿಟ್ಟೀನಿ, ಬೆಕ್ಕು ಬರ್ತೈತಿ, ಮುಚ್ಚಿಡ್ರಿ."